ಭಾನುವಾರ ಈಸ್ಟರ್, ಮನೆಗೆ ಹತ್ತು ಮಕ್ಕಳು, ಕೈಯಲ್ಲಿ ಒಂದೇ ದಿನ: ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಸರ ಮಾಡಬೇಡಿ. ನೀವು ಬೆಂಗಳೂರಿನಿಂದ ಕಾಸರಗೋಡಿನ ಕುಂಬಳೆಗೆ ಬಂದು ವರ್ಷ ಆಗಿಲ್ಲ. ಪಕ್ಕದ ಕೊಂಕಣಿ ಮನೆಯವರು ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳ ತಟ್ಟೆ) ತಂದುಕೊಟ್ಟಿದ್ದರು. ಅದರ ಋಣಕ್ಕೋ ಏನೋ, ನಿಮ್ಮ ಮಗಳು "ಈಸ್ಟರ್‌ಗೆ ನಮ್ಮನೇಲಿ ಪಾರ್ಟಿ" ಅಂತ ಇಡೀ ಬೀದಿಯ ಮಕ್ಕಳನ್ನು ಕರೆದುಬಿಟ್ಟಿದ್ದಾಳೆ. ನಿಮಗೆ ಗೊತ್ತಾಗಿದ್ದು ಶುಕ್ರವಾರ ರಾತ್ರಿ. ಹತ್ತು ಮಕ್ಕಳು, 3ರಿಂದ 8 ವರ್ಷದವರು, ಅದರಲ್ಲಿ ಮೂವರು ಮೊಟ್ಟೆ ಮುಟ್ಟದ ಮನೆಯವರು. ಶನಿವಾರ ಒಂದೇ ದಿನ ಉಳಿದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಒಂದು ದಿನ ಧಾರಾಳ ಆಯ್ತು ಮಾರಾಯ್ರೆ. ನಾನು ನಿಮ್ಮ ಹತ್ತಿರದ ಬೇಳ ಊರಿನ ಇಗರ್ಜಿಯ (ಚರ್ಚಿನ) ಆಚೆ ಬದಿಯವಳು. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡಿಕೊಂಡು ಬೆಳೆದವಳು. ಅಕ್ಕನ ಮಕ್ಕಳಿಗೂ ನೆರೆಕರೆಯ ಮಕ್ಕಳಿಗೂ ಇದನ್ನು ಆರೇಳು ಸಲ ಮಾಡಿದ್ದೇನೆ. ಎರಡು ಸಲ ಚೆನ್ನಾಗಿಯೇ ಕೆಡಿಸಿದ್ದೇನೆ ಕೂಡ.

ಮೊದಲು ಹೊತ್ತು ಗೊತ್ತು ಮಾಡಿ. ಶನಿವಾರ ಸಂಜೆ ಮಾತ್ರ ಇಟ್ಟುಕೊಳ್ಳಬೇಡಿ. ನಮ್ಮಲ್ಲಿ ವಿಭೂತಿ ಬುಧವಾರದಿಂದ ಶುರುವಾದ ತಪಸ್ಸಿನ ಕಾಲ ಮುಗಿದು ಪಾಸ್ಕಾಂ (ಈಸ್ಟರ್) ಹಬ್ಬ ಶುರುವಾಗುವುದೇ ಶನಿವಾರ ರಾತ್ರಿಯ ಪೂಜೆಯಲ್ಲಿ. ಇಗರ್ಜಿಯ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದ ಬತ್ತಿ ಹಚ್ಚಿ, ಕತ್ತಲಲ್ಲೇ ಒಳಗೆ ಹೋಗುತ್ತಾರೆ. ಮುಗಿಯುವಾಗ ತಡರಾತ್ರಿ. ಹಾಗಾಗಿ ಭಾನುವಾರ ಬೆಳಿಗ್ಗೆ ಮಕ್ಕಳೆಲ್ಲ ತೂಕಡಿಸುತ್ತಾ ಇರುತ್ತಾರೆ. ಮಧ್ಯಾಹ್ನ ಸಣ್ಣ ಅನ್ನುವ ಇಡ್ಲಿಯಂಥ ತಿಂಡಿ, ಕೋಳಿ, ಹಂದಿ ಅಂತ ಭರ್ಜರಿ ಊಟ. ಮತ್ತೊಂದು ನಿದ್ದೆ. ನೀವು ನಾಲ್ಕೂವರೆಗೆ ಕರೆಯಿರಿ, ಆರಕ್ಕೆ ಕಳಿಸಿ. ಒಂದೂವರೆ ಗಂಟೆ ಸಾಕು. ಮೂರು ವರ್ಷದ ಮಗು ಅದಕ್ಕಿಂತ ಜಾಸ್ತಿ ಹೊತ್ತು ಖುಷಿಯಾಗಿ ಇರುವುದಿಲ್ಲ, ಅತ್ತುಬಿಡುತ್ತದೆ. ಮಧ್ಯಾಹ್ನ ಎಲ್ಲರೂ ಗಡದ್ದಾಗಿ ಉಂಡಿರುವುದರಿಂದ ತಿಂಡಿಯ ಚಿಂತೆಯೂ ಅರ್ಧ ಕಡಿಮೆ.

ಇನ್ನು ಮಾಡಬೇಕಾದದ್ದು ಎರಡೇ. ಬಣ್ಣ ಹಾಕುವುದು, ಹುಡುಕುವುದು. ಬಲೂನ್, ಬ್ಯಾನರ್, ಮೊಲದ ಮುಖವಾಡ ಎಲ್ಲ ಬಿಟ್ಟುಬಿಡಿ. ಒಡೆದ ಬಲೂನಿನ ಚೂರು ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿದರೆ ಉಸಿರೇ ಕಟ್ಟುತ್ತದೆ, ಅದಂತೂ ಬೇಡವೇ ಬೇಡ.

ಬಣ್ಣದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪಾರ್ಟಿಯ ಜೀವ ಇರುವುದೇ ಅಲ್ಲಿ. ಶನಿವಾರ ಬೆಳಿಗ್ಗೆಯೇ ಹೋಗಿ ಬಿಳಿ ಮೊಟ್ಟೆ ತನ್ನಿ, ಹದಿನೈದು ಸಾಕು. ಊರ ಕೋಳಿಯ ಕಂದು ಮೊಟ್ಟೆ ಸಾರಿಗೆ ಚೆನ್ನ, ಬಣ್ಣಕ್ಕೆ ಆಗಿ ಬರುವುದಿಲ್ಲ. ಭಾನುವಾರ ಮಧ್ಯಾಹ್ನ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಅರಿಶಿನ ಹಾಕಿ, ಮೊಟ್ಟೆ ಇಟ್ಟು, ಕುದಿ ಬಂದ ಮೇಲೆ ಹನ್ನೆರಡು ನಿಮಿಷ ಬೇಯಿಸಿ. ಅದೇ ನೀರಿನಲ್ಲಿ ಅರ್ಧ ಗಂಟೆ ಬಿಡಿ. ಆಮೇಲೆ ತೆಗೆದು ಒರೆಸದೆ ಒಣಗಲು ಬಿಡಿ. ಒಳ್ಳೆಯ ಹಳದಿ ಬರುತ್ತದೆ. ಪುಸ್ತಕಗಳಲ್ಲಿ ವಿನೆಗರ್ ಹಾಕಿ ಅಂತ ಇರುತ್ತದೆ. ಹುಳಿ ಚಿಪ್ಪಿನ ಸುಣ್ಣವನ್ನು ಸ್ವಲ್ಪ ಕೊರೆದು ಬಣ್ಣ ಹಿಡಿಯುವ ಹಾಗೆ ಮಾಡುತ್ತದೆ, ನಿಜ. ಆದರೆ ಇಲ್ಲಿ ಹಾಕಬೇಡಿ. ಮುಂದಿನ ಆಟಕ್ಕೆ ಅದೇ ಅಡ್ಡಿ.

ಆಟ ಏನಂದರೆ, ಅರ್ಧ ಲೋಟ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ ಬಟ್ಟಲುಗಳಲ್ಲಿ ಇಡಿ. ಪ್ರತಿ ಮಗುವಿನ ಕೈಗೆ ಒಂದು ಹಳದಿ ಮೊಟ್ಟೆ, ಒಂದು ಕಿವಿಕಡ್ಡಿ ಕೊಡಿ. ನೋಡಲು ಅದು ಬರೀ ನೀರು. ಮಗು ಅದ್ದಿ ಒಂದು ಗೆರೆ ಎಳೆಯುತ್ತದೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಗೆರೆ ಮೆಲ್ಲಗೆ ಕೆಂಪುಗಂದಾಗಿ ಎದ್ದು ಬರುತ್ತದೆ. ಹೋದ ವರ್ಷ ನಾಲ್ಕು ವರ್ಷದ ಒಬ್ಬ ಹುಡುಗ ಕಡ್ಡಿ ಬಿಟ್ಟು ಬೆರಳನ್ನೇ ಅದ್ದಿ ಒತ್ತಿದ. ಅವನ ಹೆಬ್ಬೆರಳಿನ ಗುರುತು ಮೊಟ್ಟೆಯ ಮೇಲೆ ಮೂಡಿತು. ಆಮೇಲೆ ಯಾರೂ ಕಡ್ಡಿ ಮುಟ್ಟಲಿಲ್ಲ. ತಪ್ಪಾದರೆ ನಿಂಬೆಹಣ್ಣಿನ ಹೋಳು ಉಜ್ಜಿದರೆ ಕೆಂಪು ಹೋಗಿ ಮತ್ತೆ ಹಳದಿ. ನಿಂಬೆಯೇ ರಬ್ಬರ್. ಇದು ಹೊಸದೇನೂ ಅಲ್ಲ. ನಿಮ್ಮ ಮನೆಯಲ್ಲಿ ಆರತಿಗೆ ಅರಿಶಿನ ಸುಣ್ಣ ಕಲಸಿ ಕೆಂಪು ನೀರು ಮಾಡುತ್ತೀರಲ್ಲ, ಅದೇ ವಿದ್ಯೆ. ಸುಣ್ಣದಲ್ಲಿ ಬಣ್ಣ ಇನ್ನೂ ಕೆಂಪಾಗಿ ಬರುತ್ತದೆ. ಆದರೆ ಅಜ್ಜಿಯ ಎಲೆ ಪೆಟ್ಟಿಗೆಗೆ ಕೈ ಹಾಕಬೇಡಿ. ಸುಣ್ಣ ಕಣ್ಣಿಗೆ ಹೋದರೆ ಪಾರ್ಟಿ ಆಸ್ಪತ್ರೆಯಲ್ಲಿ ಮುಗಿಯುತ್ತದೆ. ಸೋಡಾ ಆದರೆ ಮೊಟ್ಟೆ ತಿನ್ನಲೂಬಹುದು.

ಇನ್ನೊಂದು ಬಣ್ಣ ಬೇಕು ಅನಿಸಿದರೆ ಎಂಟು ಹತ್ತು ಈರುಳ್ಳಿಯ ಸಿಪ್ಪೆ ಹಾಕಿ ಬೇಯಿಸಿ, ಇಟ್ಟಿಗೆ ಕೆಂಪು ಬರುತ್ತದೆ. ಬೀಟ್ರೂಟ್ ನನಗೆ ಯಾವತ್ತೂ ಕೈ ಹಿಡಿದಿಲ್ಲ. ಗುಲಾಬಿ ಅಂತ ಶುರುವಾಗಿ ಕೆಸರಿನ ಬಣ್ಣದಲ್ಲಿ ಮುಗಿಯುತ್ತದೆ.

ಮೊಟ್ಟೆ ಮುಟ್ಟದ ಆ ಮೂವರು ಮಕ್ಕಳನ್ನು ಏನು ಮಾಡುವುದು? ಇದಕ್ಕೆ ನಮ್ಮ ಊರಿನಷ್ಟು ಸುಲಭದ ಊರು ಬೇರೆ ಇಲ್ಲ. ಸುತ್ತ ಯಾರದ್ದಾದರೂ ಅಂಗಳದಲ್ಲಿ ಅಡಿಕೆ ಒಣಗಲು ಹಾಕಿಯೇ ಇರುತ್ತಾರೆ. ಸಿಪ್ಪೆ ಸಮೇತದ ಒಣ ಅಡಿಕೆ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಸಣ್ಣ ಮೊಟ್ಟೆಯೇ ಅಲ್ವಾ? ಐವತ್ತು ಅಡಿಕೆ ಕೇಳಿ ತನ್ನಿ. ಫ್ಯಾನ್ಸಿ ಅಂಗಡಿಯಿಂದ ಪೋಸ್ಟರ್ ಬಣ್ಣದ ಒಂದು ಡಬ್ಬಿ ತಂದು ಶನಿವಾರ ಸಂಜೆ ನೀವೂ ಮಗಳೂ ಕೂತು ಹಳದಿ, ನೀಲಿ, ಕೆಂಪು ಬಳಿಯಿರಿ. ಮೊದಲು ಒಂದು ಕೋಟು ಬಿಳಿ ಹಚ್ಚಿದರೆ ಮೇಲಿನ ಬಣ್ಣ ಹೊಳೆಯುತ್ತದೆ, ಇಲ್ಲದಿದ್ದರೆ ಸಿಪ್ಪೆ ಬಣ್ಣವನ್ನೆಲ್ಲ ಕುಡಿದುಬಿಡುತ್ತದೆ. ಮಕ್ಕಳು ಕಚ್ಚದ ಹಾಗೆ ಒಂದು ಕಣ್ಣು ಇಟ್ಟಿರಿ, ಅಷ್ಟೆ. ಗೇರುಬೀಜವೂ ಈಗ ರಾಶಿ ಬಿದ್ದಿರುತ್ತದೆ, ಆದರೆ ಅದು ಬೇಡ. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ.

ಹುಡುಕುವ ಆಟಕ್ಕೆ ಈ ಅಡಿಕೆಗಳನ್ನೇ ಅಡಗಿಸಿ. ನಿಜವಾದ ಮೊಟ್ಟೆ ಅಡಗಿಸಬೇಡಿ, ಚಾಕೊಲೇಟನ್ನೂ ಅಡಗಿಸಬೇಡಿ. ನಾನು ಹೇಳಿದ ಎರಡು ಎಡವಟ್ಟು ಇವೇ. ಒಂದು ವರ್ಷ ಮಂಗಳೂರಿನಿಂದ ಬಣ್ಣದ ಕಾಗದ ಸುತ್ತಿದ ಚಾಕೊಲೇಟ್ ಮೊಟ್ಟೆ ತರಿಸಿದ್ದೆ. ಏಪ್ರಿಲ್ ಸೆಕೆ, ಕೇಳಬೇಕೇ? ಅರ್ಧ ಗಂಟೆಯಲ್ಲಿ ಮೆತ್ತಗಾದವು. ಮಾವಿನ ಮರದ ಕವಲಿನಲ್ಲಿ ಇಟ್ಟಿದ್ದನ್ನು ಹುಡುಕಿದ್ದು ಮಕ್ಕಳಲ್ಲ, ಚಗಳಿ ಇರುವೆ. ಅದಕ್ಕೆ ಕೈ ಹಾಕಿದ ಹುಡುಗಿಯ ಕೂಗು ಇಗರ್ಜಿವರೆಗೆ ಕೇಳಿತು. ಮರು ವರ್ಷ ಬುದ್ಧಿ ಬಂತು ಅಂದುಕೊಂಡು ಬೇಯಿಸಿದ ಮೊಟ್ಟೆ ಇಟ್ಟೆ. ಬಾವಿಕಟ್ಟೆಯ ಹತ್ತಿರದ ನಾಲ್ಕನ್ನು ಕಾಗೆ ಹೊತ್ತುಕೊಂಡು ಹೋಯಿತು. ಉಳಿದದ್ದನ್ನು ತಿನ್ನಲು ನನಗೇ ಧೈರ್ಯ ಬರಲಿಲ್ಲ. ಈ ಸೆಕೆಗೆ ಬೆಂದ ಮೊಟ್ಟೆ ಫ್ರಿಜ್ಜಿನ ಹೊರಗೆ ಒಂದು ಗಂಟೆಗಿಂತ ಜಾಸ್ತಿ ಇದ್ದರೆ ತಿನ್ನಬಾರದು. ಹಾಗಾಗಿ ಹಳದಿ ಮೊಟ್ಟೆ ಒಣಗಿದ ಕೂಡಲೇ ಫ್ರಿಜ್ಜಿಗೆ. ಬಣ್ಣದ ಆಟಕ್ಕೆ ಇಪ್ಪತ್ತು ನಿಮಿಷ ಹೊರಗೆ ತೆಗೆಯಿರಿ. ಆಟ ಮುಗಿದ ತಕ್ಷಣ ಸುಲಿದು, ಉಪ್ಪು ಕಾಳುಮೆಣಸು ಹಾಕಿ ಕೊಟ್ಟುಬಿಡಿ.

ಹುಡುಕುವಾಗ ಎಂಟು ವರ್ಷದವರು ಎಲ್ಲವನ್ನೂ ಬಾಚಿಕೊಂಡು, ಮೂರು ವರ್ಷದವರು ಅಳುವುದು ಖಂಡಿತ. ಅದಕ್ಕೆ ಬಣ್ಣ ಹಂಚಿಬಿಡಿ. ಸಣ್ಣವರಿಗೆ ಹಳದಿ ಮಾತ್ರ. ಅವನ್ನು ಜಗಲಿಯ ಮೆಟ್ಟಿಲು, ತುಳಸಿ ಕಟ್ಟೆ, ಹೂಕುಂಡದ ಅಂಚು ಅಂತ ಕಣ್ಣಿಗೆ ಕಾಣುವ ಕಡೆ ಇಡಿ. ದೊಡ್ಡವರಿಗೆ ನೀಲಿ, ಕೆಂಪು. ಅವು ಎಲ್ಲಿ ಬೇಕಾದರೂ ಇರಲಿ. ಒಬ್ಬರಿಗೆ ನಾಲ್ಕು, ನಾಲ್ಕು ಸಿಕ್ಕಿದವರು ಸಣ್ಣವರಿಗೆ ಸಹಾಯ ಮಾಡಬೇಕು. ಬುಟ್ಟಿ ಕೊಳ್ಳುವ ದುಡ್ಡು ಉಳಿಸಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಎರಡು ತುದಿ ಮಡಚಿ, ಕಡ್ಡಿ ಚುಚ್ಚಿದರೆ ಪಡಿಗೆ. ಅದೇ ಬುಟ್ಟಿ.

ಒಂದೆರಡು ದೊಡ್ಡ ಹಾಳೆ ಎತ್ತಿಟ್ಟುಕೊಂಡಿರಿ. ಬೆಂಗಳೂರಿನಿಂದ ಬಂದವರಿಗೆ ಗೊತ್ತಿರಲಿಕ್ಕಿಲ್ಲ. ಒಂದು ಮಗು ಹಾಳೆಯ ಮೇಲೆ ಕೂತು ಗರಿಯ ಬದಿ ಹಿಡಿದುಕೊಳ್ಳುತ್ತದೆ, ಇನ್ನೊಬ್ಬರು ಎಳೆದುಕೊಂಡು ಓಡುತ್ತಾರೆ. ಹುಡುಕುವ ಆಟ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ, ಈ ಹಾಳೆ ಬಂಡಿ ಮಾತ್ರ ಅಮ್ಮಂದಿರು ಬಂದು ಕರೆದರೂ ಮುಗಿಯುವುದಿಲ್ಲ. ಅಂಗಳದ ಕಲ್ಲು ಗುಡಿಸಿಡಿ.

ದೊಡ್ಡ ಮಕ್ಕಳಿಗೆ ಇನ್ನೊಂದು ಆಟ. ಗ್ರೀಸ್ ದೇಶದಲ್ಲಿ ಈಸ್ಟರ್ ದಿನ ಕೆಂಪು ಬಣ್ಣದ ಬೆಂದ ಮೊಟ್ಟೆ ಹಿಡಿದು ಒಬ್ಬರದಕ್ಕೆ ಒಬ್ಬರು ಕುಟ್ಟುತ್ತಾರೆ. ಯಾರದ್ದು ಒಡೆಯುವುದಿಲ್ಲವೋ ಅವರು ಗೆದ್ದರು. ನಮ್ಮ ಕಾಯಿ ಕುಟ್ಟುವ ಆಟವೇ, ತೆಂಗಿನಕಾಯಿ ಬದಲು ಮೊಟ್ಟೆ. ಬಣ್ಣದ ಆಟ ಮುಗಿದ ಮೇಲೆ, ಸುಲಿಯುವ ಮೊದಲು ಇದನ್ನು ಆಡಿಸಿ. ಹೇಗೂ ಒಡೆಯಲೇಬೇಕಲ್ಲ.

ತಿಂಡಿ ಬೇಗ ಹೇಳಿ ಮುಗಿಸುತ್ತೇನೆ. ಹೋಟೆಲಿನಿಂದ ನೂಲ್‌ಪುಟ್ಟು (ಒತ್ತು ಶಾವಿಗೆ) ತನ್ನಿ. ಒಂದೊಂದೂ ಹಕ್ಕಿಗೂಡಿನ ಹಾಗೇ ಇರುತ್ತದೆ. ನಡುವೆ ಹೆಬ್ಬೆರಳಿನಿಂದ ಒತ್ತಿ ಗುಂಡಿ ಮಾಡಿ. ತೆಂಗಿನ ತುರಿ ಬೆಲ್ಲ ಬಾಡಿಸಿ ಸಣ್ಣ ಮೊಟ್ಟೆಯ ಹಾಗೆ ಉಂಡೆ ಕಟ್ಟಿ, ಗೂಡಿಗೆ ಮೂರು ಮೂರು ಇಡಿ. ಇದನ್ನು ಎಲ್ಲ ಮನೆಯ ಮಕ್ಕಳೂ ತಿನ್ನುತ್ತಾರೆ. ಕುಡಿಯಲು ನಿಂಬೆ ಶರಬತ್ತು. ಬೇಲಿಯಲ್ಲಿ ನೀಲಿ ಶಂಖಪುಷ್ಪ ಇದ್ದರೆ ಬಿಸಿ ನೀರಿನಲ್ಲಿ ನೆನೆಸಿ, ಆ ನೀಲಿ ನೀರಿಗೆ ಮಕ್ಕಳ ಎದುರೇ ನಿಂಬೆ ಹಿಂಡಿ, ನೇರಳೆಯಾಗುತ್ತದೆ. ಇಡೀ ದ್ರಾಕ್ಷಿ, ನೆಲಗಡಲೆ, ಗಟ್ಟಿ ಮಿಠಾಯಿ ಸಣ್ಣ ಮಕ್ಕಳಿಗೆ ಬೇಡ. ಮನೆಗೆ ಹೋಗುವಾಗ ಬೆಲ್ಲ ಹಾಕಿದ ಬಾಳೆಕಾಯಿ ಉಪ್ಪೇರಿಯ (ಚಿಪ್ಸ್) ಸಣ್ಣ ಪೊಟ್ಟಣ ಕೊಡಿ. ಬೆಲ್ಲದ್ದು, ಚಾಕೊಲೇಟಿನ ಹಾಗೆ ಈ ಸೆಕೆಗೆ ಕರಗಿ ಕೈಗೆ ಅಂಟುವುದಿಲ್ಲ.

"ನಾವು ಕ್ರೈಸ್ತರಲ್ಲ, ಹಬ್ಬದ ಬಗ್ಗೆ ಏನು ಹೇಳಲಿ" ಅಂತಲೂ ಕೇಳಿದ್ದೀರಿ. ನೀವು ಹೇಳಬೇಡಿ, ಪಕ್ಕದ ಕೊಂಕಣಿ ಮನೆಯ ದೊಡ್ಡ ಹುಡುಗಿಯನ್ನೇ ಕೇಳಿ. ಅವಳು ಎರಡು ಮಾತಿನಲ್ಲಿ ಹೇಳುತ್ತಾಳೆ: ಶುಕ್ರವಾರ ಯೇಸು ಸತ್ತರು, ಭಾನುವಾರ ಎದ್ದು ಬಂದರು. ಮೊಟ್ಟೆ ಯಾಕೆ ಅಂದರೆ, ಮುಚ್ಚಿದ ಚಿಪ್ಪಿನಿಂದ ಮರಿ ಬರುವ ಹಾಗೆ ಅಂತ. ಇನ್ನೊಂದು ಮನೆವಾರ್ತೆಯ ಕಾರಣವೂ ಉಂಟು. ಹಿಂದೆ ಯುರೋಪಿನಲ್ಲಿ ತಪಸ್ಸಿನ ಕಾಲದಲ್ಲಿ ಮೊಟ್ಟೆಯೂ ತಿನ್ನುವಂತಿರಲಿಲ್ಲ. ಕೋಳಿಗಳಿಗೆ ಅದು ಗೊತ್ತಾ? ಅವು ಇಡುತ್ತಲೇ ಇದ್ದವು. ಹಬ್ಬದ ದಿನ ಮನೆ ತುಂಬ ಮೊಟ್ಟೆ. "ಮೊಲ ಮೊಟ್ಟೆ ಇಡ್ತದಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಜರ್ಮನಿಯ ಕಡೆಯ ಅಜ್ಜಿಕತೆ, ಅಲ್ಲಿನ ಒಬ್ಬ ವೈದ್ಯ 1682ರಷ್ಟು ಹಿಂದೆಯೇ ಅದರ ಬಗ್ಗೆ ಬರೆದಿಟ್ಟಿದ್ದಾನೆ. ಬೇಳದ ಮೊಲ ಇಡುವುದಿಲ್ಲ ಅಂತ ನಾನು ಹೇಳುತ್ತೇನೆ.

ಕೊನೆಗೆ ಒಂದು. ಅಡಗಿಸಿದ ಅಡಿಕೆ ಎಷ್ಟು ಅಂತ ಎಣಿಸಿ ಚೀಟಿಯಲ್ಲಿ ಬರೆದಿಡಿ, ಮಕ್ಕಳು ಹೊರಡುವ ಮೊದಲು ಲೆಕ್ಕ ಹಾಕಿ. ನಾವು ಮೊದಲ ಸಲ ನಲವತ್ತು ಇಟ್ಟಿದ್ದೆವು, ಸಿಕ್ಕಿದ್ದು ಮೂವತ್ತೇಳು. ಎಲ್ಲ ಕಡೆ ಹುಡುಕಿ ಬಿಟ್ಟುಬಿಟ್ಟೆವು. ಮಳೆ ಶುರುವಾಗಿ ಜಗಲಿಯಲ್ಲಿ ಅಡಿಕೆ ಸುಲಿಯಲು ಕೂತಾಗ, ಸುಲಿಯುವ ಅಣ್ಣ ರಾಶಿಯಿಂದ ಒಂದು ಅಚ್ಚ ನೀಲಿ ಅಡಿಕೆ ಎತ್ತಿ ಹಿಡಿದು, "ಇದು ಎಂತ ತಳಿ ಅಕ್ಕಾ?" ಅಂತ ಕೇಳಿದ.