ವೈಟ್ನರ್ ಹಚ್ಚಿದ ಚುನಾವಣೆ

ಪ್ರಶ್ನೆ: ಸಾರ್, ಬಡ ದೇಶಗಳಲ್ಲಿ ಕೋರ್ಟು, ಚುನಾವಣಾ ಆಯೋಗ ಎಲ್ಲಾ ಹೆಸರಿಗೆ ಮಾತ್ರ, ಕುರ್ಚಿ ಮೇಲೆ ಕೂತೋರು ಹೇಳಿದ್ದೇ ನಡೆಯೋದು ಅಂತ ಕ್ಲಾಸಲ್ಲಿ ಮಾತು ಬಂತು. ಹಾಗಲ್ಲದೆ ನಡೆದಿರೋ ಉದಾಹರಣೆ ಒಂದಾದ್ರೂ ಇದೆಯಾ?
(ಬಿ.ಎ. ವಿದ್ಯಾರ್ಥಿನಿ, ಹಾವೇರಿ)

ಉತ್ತರ: ಇದೆಯಮ್ಮ, ನಂಗೆ ತುಂಬಾ ಇಷ್ಟವಾದ ಉದಾಹರಣೆ ಅದು. ಆಫ್ರಿಕಾದಲ್ಲಿ ಮಲಾವಿ ಅಂತ ಒಂದು ಪುಟ್ಟ ದೇಶ, ಹೆಚ್ಚಿನ ಜನ ಮೆಕ್ಕೆಜೋಳ ಬೆಳ್ಕೊಂಡು ತಿನ್ನೋ ರೈತರು, ಪ್ರಪಂಚದ ತೀರಾ ಬಡ ದೇಶಗಳಲ್ಲಿ ಒಂದು. 2019ರ ಮೇನಲ್ಲಿ ಅಲ್ಲಿ ಅಧ್ಯಕ್ಷರ ಚುನಾವಣೆ ಆಯ್ತು. ಆಗ ಅಧಿಕಾರದಲ್ಲಿದ್ದ ಪೀಟರ್ ಮುಥಾರಿಕಾಗೆ ಶೇ. 38.57, ಲಜಾರಸ್ ಚಕ್ವೇರಾಗೆ ಶೇ. 35.41, ಅಂತರ ಸುಮಾರು 1 ಲಕ್ಷ 59 ಸಾವಿರ ವೋಟು ಅಂತ ಘೋಷಣೆ ಮಾಡಿದ್ರು. ಆದ್ರೆ ಬೂತ್‌ಗಳಿಂದ ಬಂದ ಎಣಿಕೆ ಹಾಳೆಗಳನ್ನ ನೋಡಿದ್ರೆ ಎಷ್ಟೋ ಹಾಳೆಗಳಲ್ಲಿ ಅಂಕಿ ಮೇಲೆ ವೈಟ್ನರ್! ನಾವು ಸ್ಕೂಲಲ್ಲಿ ನೋಟ್‌ಬುಕ್ಕಿಗೆ ಹಚ್ತಿದ್ವಲ್ಲ ಅದೇ. ಅಳಿಸಿ ಅದರ ಮೇಲೆ ಬೇರೆ ಅಂಕಿ ಬರೆದಿದ್ರು.

ಚಕ್ವೇರಾ ಮತ್ತೆ ಮೂರನೇ ಸ್ಥಾನಕ್ಕೆ ಬಂದಿದ್ದ ಚಿಲಿಮಾ ಇಬ್ರೂ ಕೋರ್ಟಿಗೆ ಹೋದ್ರು, ಇತ್ತ ಜನ ತಿಂಗಳುಗಟ್ಟಲೆ ಬೀದಿಗಿಳಿದ್ರು, ಪೊಲೀಸರು ಅಶ್ರುವಾಯು ಬಿಟ್ರೂ ಬಿಡಲಿಲ್ಲ, ಸೈನ್ಯದವರು ಮೆರವಣಿಗೆ ಮೇಲೆ ಕೈ ಮಾಡೋ ಬದಲು ಪ್ರತಿಭಟನೆಗಾರರ ಪಕ್ಕದಲ್ಲೇ ಕಾವಲಾಗಿ ನಡೆದ್ರು. ಮಧ್ಯದಲ್ಲಿ ಜಡ್ಜ್‌ಗಳಿಗೆ ಲಂಚ ಕೊಡೋಕೆ ಒಬ್ಬ ದೊಡ್ಡ ಉದ್ಯಮಿ ಪ್ರಯತ್ನ ಪಟ್ಟ. ಜಡ್ಜ್‌ಗಳು ಅದನ್ನ ಮುಚ್ಚಿಡಲಿಲ್ಲ, ಮುಖ್ಯ ನ್ಯಾಯಮೂರ್ತಿಗೆ ಹೇಳಿದ್ರು, ಅವರು ಭ್ರಷ್ಟಾಚಾರ ನಿಗ್ರಹ ಸಂಸ್ಥೆಗೆ ದೂರು ಕೊಟ್ರು, 2021ರಲ್ಲಿ ಆ ಉದ್ಯಮಿಗೆ ಶಿಕ್ಷೆನೂ ಆಯ್ತು. ನೋಡಿ, ನನ್ನ ಪ್ರಕಾರ ಇಡೀ ಕಥೆಲಿ ದೊಡ್ಡ ಘಟ್ಟ ಇದೇ, ತೀರ್ಪಿಗಿಂತ ದೊಡ್ಡದು.

2020ರ ಫೆಬ್ರವರಿ 3ಕ್ಕೆ ಐದು ಜನ ಜಡ್ಜ್‌ಗಳು ಸೈನ್ಯದ ಕಾವಲಲ್ಲಿ, ಗುಂಡು ನಿರೋಧಕ ಕವಚ ಹಾಕ್ಕೊಂಡು ಕೋರ್ಟಿಗೆ ಬಂದ್ರು. 500 ಪುಟದ ತೀರ್ಪು, ಬೆಳಗ್ಗೆಯಿಂದ ಗಂಟೆಗಟ್ಟಲೆ ಓದಿದ್ರು, ಊರೂರಲ್ಲಿ ಜನ ರೇಡಿಯೋ ಸುತ್ತ ಕೂತು ಕೇಳಿದ್ರು. ಚುನಾವಣೆ ರದ್ದು, ಮತ್ತೆ ನಡೆಸಬೇಕು, ಗೆಲ್ಲೋರು ಅರ್ಧಕ್ಕಿಂತ ಹೆಚ್ಚು ವೋಟು ತಗೋಬೇಕು! ಜೂನ್ 23ಕ್ಕೆ ಮರುಚುನಾವಣೆ, ಅದಕ್ಕೆ ಹನ್ನೊಂದೇ ದಿನದ ಮುಂಚೆ ಸರ್ಕಾರ ಮುಖ್ಯ ನ್ಯಾಯಮೂರ್ತಿನ ರಜೆ ಮೇಲೆ ಮನೆಗೆ ಕಳಿಸೋಕೆ ನೋಡ್ತು, ವಕೀಲರು ಬೀದಿಗೆ ಬಂದ್ರು, ಹೈಕೋರ್ಟು ಅದನ್ನೂ ತಡೀತು. ಮರುಚುನಾವಣೆಲಿ ಚಕ್ವೇರಾ ಶೇ. 58ಕ್ಕಿಂತ ಜಾಸ್ತಿ ತಗೊಂಡು ಗೆದ್ರು.

ಇದು ಒಂದೇ ದಿನದಲ್ಲಿ ಹುಟ್ಟಿದ ಧೈರ್ಯ ಅಲ್ಲ. 1964ರಿಂದ ಮೂವತ್ತು ವರ್ಷ ಹೇಸ್ಟಿಂಗ್ಸ್ ಬಾಂಡಾ ಅನ್ನೋ ಒಬ್ಬರೇ ಆಳಿದ ದೇಶ ಅದು. 1993ರಲ್ಲಿ ಜನಮತಗಣನೆ ಮಾಡಿ ಏಕಪಕ್ಷ ಆಡಳಿತ ಬೇಡ ಅಂದ್ರು, ಅದಾದ ಮೇಲೆ ಬಂದ ಸಂವಿಧಾನದಲ್ಲಿ ಅಧ್ಯಕ್ಷರು ತಮ್ಮಿಷ್ಟಕ್ಕೆ ಜಡ್ಜ್‌ಗಳನ್ನ ಕಿತ್ತುಹಾಕೋ ಹಾಗಿಲ್ಲ ಅಂತ ಮಾಡ್ಕೊಂಡ್ರು. ಆ ಒಂದು ಸಾಲು 25 ವರ್ಷ ಆದ್ಮೇಲೆ ಕೆಲಸಕ್ಕೆ ಬಂತು.

ಪ್ರಶ್ನೆ: ಸಂಸ್ಥೆಗಳು ಗಟ್ಟಿಯಾದ್ರೆ ಬಡತನ ಹೋಗುತ್ತಾ? ಹೊಟ್ಟೆಗೆ ಹಿಟ್ಟಿಲ್ದೆ ಪ್ರಜಾಪ್ರಭುತ್ವ ತಗೊಂಡು ಏನ್ಮಾಡೋದು?
(ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ)

ಉತ್ತರ: ತಾನಾಗೇ ಹೋಗಲ್ಲ ಸಾರ್, ಹೋಗುತ್ತೆ ಅಂತ ಹೇಳಿದ್ರೆ ನಿಮಗೆ ಮೋಸ ಮಾಡ್ದಂಗೆ. ಅದೇ ಮಲಾವಿಲಿ ಕೋವಿಡ್ ಬಂತು, 2023ರ ಮಾರ್ಚಲ್ಲಿ ಫ್ರೆಡ್ಡಿ ಚಂಡಮಾರುತ ಹೊಡೀತು, ಅದೇ ವರ್ಷ ನವೆಂಬರಲ್ಲಿ ಡಾಲರ್ ಶೇ. 44ರಷ್ಟು ತುಟ್ಟಿಯಾಗೋ ಹಾಗೆ ಅವರ ದುಡ್ಡು ಕ್ವಾಚಾದ ಬೆಲೆನ ಇಳಿಸಬೇಕಾಯ್ತು, ಪೆಟ್ರೋಲ್‌ಗೆ ಕ್ಯೂ, ಗೊಬ್ಬರಕ್ಕೆ ಪರದಾಟ. ಜನ ರೊಚ್ಚಿಗೆದ್ದು 2025ರ ಸೆಪ್ಟೆಂಬರ್ ಚುನಾವಣೆಲಿ ಚಕ್ವೇರಾನ ಇಳಿಸಿ ಮತ್ತೆ ಮುಥಾರಿಕಾನ್ನೇ ತಂದ್ರು, ಚಕ್ವೇರಾ ಸೋಲು ಒಪ್ಕೊಂಡ್ರು. ಹೊಟ್ಟೆ ಸಿಟ್ಟನ್ನ ಬಂದೂಕಿಲ್ದೆ ತೀರಿಸ್ಕೊಳ್ಳೋ ದಾರಿ ಒಂದು ಉಳ್ಕೊಂಡಿದೆಯಲ್ಲ, ಬಡವರಿಗೆ ಅದು ಸಣ್ಣ ವಿಷಯ ಅಲ್ಲ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಬಡವರ ಕೈಲಿ ವೋಟು ಬಿಟ್ರೆ ಇನ್ನೇನಿದೆ ಹೇಳಿ?

ಪ್ರಶ್ನೆ: ದೂರದ ದೇಶ ಬಿಡಿ, ನಮ್ಮ ಜಿಲ್ಲಾ ಪಂಚಾಯಿತಿ ಕಥೆ ಏನು?
(ರೈತರು, ಶಿರಾ ತಾಲೂಕು)

ಉತ್ತರ: ಒಳ್ಳೇ ಪ್ರಶ್ನೆ, ನೋವಿನ ಪ್ರಶ್ನೆನೂ ಹೌದು. ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, ಅಂದ್ರೆ 1987ರಲ್ಲಿ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗೆ ಚುನಾವಣೆ ಮಾಡಿ ಹೆಣ್ಮಕ್ಕಳಿಗೆ ಶೇ. 25 ಸೀಟು ಕೊಟ್ಟು ದೇಶಕ್ಕೇ ದಾರಿ ತೋರಿಸಿದ ರಾಜ್ಯ ನಮ್ದು. ಆಮೇಲೆ ಬಂದ ಸಂವಿಧಾನದ 73ನೇ ತಿದ್ದುಪಡಿ, ಐದು ವರ್ಷದ ಅವಧಿ ಮುಗಿಯೋದ್ರೊಳಗೆ ಚುನಾವಣೆ ಮುಗಿಸ್ಬೇಕು ಅಂತ ಸ್ಪಷ್ಟವಾಗಿ ಹೇಳುತ್ತೆ. ಹಾಗಿದ್ರೂ 2016ರಲ್ಲಿ ಆರಿಸಿದ ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಕೇಸು ಅಂತ ವರ್ಷಗಟ್ಟಲೆ ಮುಂದೆ ಹೋಯ್ತು, ಒಂದಲ್ಲ, ಬೇರೆ ಬೇರೆ ಪಕ್ಷದ ಸರ್ಕಾರಗಳ ಕಾಲದಲ್ಲಿ. ಆರಿಸಿದ ಸದಸ್ಯರು ಕೂರ್ಬೇಕಾದ ಜಾಗದಲ್ಲಿ ಆಡಳಿತಾಧಿಕಾರಿ ಕೂತ್ರೆ ನಿಮ್ಮೂರ ಬೋರ್‌ವೆಲ್ ವಿಷಯ ಯಾರ ಹತ್ರ ಜಗಳ ಆಡಿ ಕೇಳ್ತೀರಿ? ಮುಂದಿನ ಗ್ರಾಮಸಭೆಲಿ ಇದನ್ನ ಎತ್ತಿ, ಆದಷ್ಟು ಬೇಗ ಚುನಾವಣೆ ನಡೆಸಿ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ತಗೊಂಡು ನಿಮ್ಮ ಶಾಸಕರ ಕೈಗೆ ಕೊಟ್ಟು ಬನ್ನಿ.