ಆನ್ಸೆನ್ ಸ್ನಾನ: ಮುಜುಗರ, ಬಿಪಿ ಮತ್ತು ಊಟ

ಪ್ರಶ್ನೆ: ನವೆಂಬರ್‌ನಲ್ಲಿ ಅಪ್ಪ–ಅಮ್ಮನ ಜತೆ ಜಪಾನ್‌ಗೆ ಹೊರಟಿದ್ದೇವೆ. ಆನ್ಸೆನ್ ಎಂದರೆ ಬಿಸಿನೀರಿನ ಬುಗ್ಗೆಯ ಸ್ನಾನಕ್ಕೆ ಹೆಸರಾದ ಊರು ಕಿನೊಸಾಕಿಯ ಸಾಂಪ್ರದಾಯಿಕ ವಸತಿಗೃಹವಾದ ರಿಯೋಕಾನ್‌ನಲ್ಲಿ ಒಂದು ರಾತ್ರಿ ತಂಗುವ ಯೋಚನೆ. ಬಟ್ಟೆಯಿಲ್ಲದೆ ಸ್ನಾನ ಎಂದರೆ ಅಮ್ಮನಿಗೆ ಮುಜುಗರ. ಅಪ್ಪನಿಗೆ ಬಿಪಿ. ನನ್ನ ತೋಳಿನ ಮೇಲೆ ಟ್ಯಾಟೂ ಇದೆ. ಹೇಗೆ ಮಾಡೋಣ?

ಉತ್ತರ: ಟ್ಯಾಟೂ ಚಿಂತೆ ಬಿಡಿ. ಕಿನೊಸಾಕಿಯ ಸಾರ್ವಜನಿಕ ಸ್ನಾನಗೃಹಗಳಲ್ಲಿ ಅದಕ್ಕೆ ತಕರಾರಿಲ್ಲ. ಬೇರೆ ಊರುಗಳಲ್ಲಿ ಮೊದಲೇ ಕೇಳಿಕೊಳ್ಳಬೇಕು. ಗಂಡಸರಿಗೂ ಹೆಂಗಸರಿಗೂ ಸ್ನಾನದ ಜಾಗ ಬೇರೆ ಬೇರೆ, ಆದರೆ ಈಜುಡುಗೆ ಹಾಕುವಂತಿಲ್ಲ. ಅಮ್ಮನಿಗಾಗಿ ರೂಮ್ ಬುಕ್ ಮಾಡುವಾಗಲೇ ‘ಕಾಶಿಕಿರಿ’ ಇದೆಯೇ ವಿಚಾರಿಸಿ. ಒಂದು ಕುಟುಂಬಕ್ಕೆ ಮಾತ್ರ ಬಿಟ್ಟುಕೊಡುವ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸ್ನಾನದ ಕೋಣೆ ಅದು. ಸಾಮಾನ್ಯವಾಗಿ ಮುಕ್ಕಾಲು ಗಂಟೆಯ ಸರದಿ. ಊಟಕ್ಕೆ ಮುಂಚಿನ ಹೊತ್ತಿಗೆ ಬೇಡಿಕೆ ಹೆಚ್ಚು, ಹಾಗಾಗಿ ಚೆಕ್-ಇನ್ ಆದ ಕೂಡಲೇ ಸಮಯ ಗೊತ್ತುಮಾಡಿಕೊಳ್ಳಿ.

ತೊಟ್ಟಿ ಇರುವುದು ಮೈ ಕಾಯಿಸಿಕೊಳ್ಳಲು, ಮೈ ತೊಳೆಯಲು ಅಲ್ಲ. ಪಕ್ಕದಲ್ಲಿರುವ ಗಿಡ್ಡ ಸ್ಟೂಲಿನ ಮೇಲೆ ಕೂತು, ಸಾಬೂನು ಹಚ್ಚಿ, ನೊರೆ ಪೂರ್ತಿ ಹೋಗುವವರೆಗೆ ತೊಳೆದುಕೊಳ್ಳಿ. ನಿಂತು ಸ್ನಾನ ಮಾಡಿದರೆ ಪಕ್ಕದವರಿಗೆ ಸಿಡಿಯುತ್ತದೆ. ಉದ್ದ ಕೂದಲನ್ನು ಎತ್ತಿ ಕಟ್ಟಿ. ಚಿಕ್ಕ ಟವೆಲ್ ನೀರಿಗೆ ತಾಗಬಾರದು. ಮಡಚಿ ತಲೆಯ ಮೇಲಿಟ್ಟುಕೊಳ್ಳುವುದು ಅಲ್ಲಿನ ರೂಢಿ. ಬೆಳ್ಳಿ ಒಡವೆಗಳನ್ನು ತೆಗೆದಿಡಿ, ಗಂಧಕವಿರುವ ನೀರಿಗೆ ಅವು ಕಪ್ಪಾಗುತ್ತವೆ.

ಅಪ್ಪನ ವಿಷಯದಲ್ಲಿ ಮೊದಲು ಅವರ ಡಾಕ್ಟರನ್ನು ಕೇಳಿ. ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಚಳಿಯ ಕೋಣೆಯಲ್ಲಿ ಬಟ್ಟೆ ಕಳಚಿದಾಗ ಬಿಪಿ ಏರುತ್ತದೆ. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ಇಳಿಯುತ್ತದೆ. ಥಟ್ಟನೆ ಎದ್ದರೆ ಇನ್ನೂ ಇಳಿದು ಕಣ್ಣು ಕತ್ತಲಿಡುತ್ತದೆ. ಒದ್ದೆ ಕಲ್ಲಿನ ಮೇಲೆ ಬೀಳುವುದು ಹೀಗೆ. ಆದ್ದರಿಂದ ಮೊದಲು ಒಂದು ಲೋಟ ನೀರು ಕುಡಿಯಲಿ. ಇಳಿಯುವ ಮೊದಲು ಚಿಕ್ಕ ಬಕೆಟ್ಟಿನಿಂದ ಪಾದ, ಮೊಣಕಾಲು, ಸೊಂಟ, ಹೆಗಲು ಎಂದು ಕೆಳಗಿನಿಂದ ಮೇಲಕ್ಕೆ ಹತ್ತು ಸಲ ಬಿಸಿನೀರು ಸುರಿದುಕೊಳ್ಳಲಿ. ಎದೆಮಟ್ಟಕ್ಕಿಂತ ಆಳಕ್ಕೆ ಕೂರುವುದು ಬೇಡ. ಮೊದಲ ಸಲ ಮೂರರಿಂದ ಐದು ನಿಮಿಷ ಸಾಕು. ಅಂಚು ಹಿಡಿದು ನಿಧಾನವಾಗಿ ಏಳಲಿ. ಊಟವಾದ ಕೂಡಲೇ, ‘ಸಾಕೆ’ ಎಂಬ ಅಕ್ಕಿಯ ಮದ್ಯ ಕುಡಿದ ಮೇಲೆ, ಒಬ್ಬರೇ ಇರುವಾಗ ಖಂಡಿತ ಇಳಿಯಬಾರದು.

ರಿಯೋಕಾನ್ ಕೊಡುವ ತೆಳು ನಿಲುವಂಗಿ ಯುಕಾತಾ ಉಡುವಾಗ ಎಡ ಮಗ್ಗುಲು ಮೇಲೆ ಬರಲಿ. ಬಲ ಮಗ್ಗುಲು ಮೇಲೆ ಬರುವಂತೆ ಉಡಿಸುವುದು ಶವಕ್ಕೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ರಿಯೋಕಾನ್‌ನಲ್ಲಿ ಊಟ ಸಿಗುತ್ತದೆಯೇ?

ಉತ್ತರ: ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನಿನ ತುಂಡು ತೆಗೆಯುತ್ತಾರೆ, ದಾಶಿ ಉಳಿಯುತ್ತದೆ. ಒಣಗಿಸಿದ ಮೀನಿನ ಸಿಪ್ಪೆಯಂಥ ಚೂರುಗಳಿಂದ ಇಳಿಸುವ ಈ ಸಾರು ಮಿಸೊ ಸೂಪಿನಲ್ಲೂ ಬೇಯಿಸಿದ ತರಕಾರಿಯಲ್ಲೂ ಇರುತ್ತದೆ. ‘ಮಾಂಸ, ಮೀನು, ಮೀನಿನ ದಾಶಿ ಬೇಡ, ಕೊಂಬು ಎಂಬ ಕಡಲಕಳೆ ಮತ್ತು ಶಿಟಾಕೆ ಅಣಬೆಯ ದಾಶಿ ಆಗಬಹುದು’ ಎಂದು ಬುಕ್ ಮಾಡುವಾಗಲೇ ಜಪಾನಿ ಭಾಷೆಯಲ್ಲಿ ಬರೆದು ಕಳಿಸಿ, ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ. ಅಡುಗೆಮನೆ ಸಾಮಾನು ಮುಂಚೆಯೇ ತರಿಸಿರುತ್ತದೆ, ಹೋದ ಮೇಲೆ ಹೇಳಿ ಪ್ರಯೋಜನವಿಲ್ಲ. ನವೆಂಬರಿನಲ್ಲಿ ಕಿನೊಸಾಕಿಯ ಊಟವೆಂದರೆ ಏಡಿಯ ಭರಾಟೆ. ಅಲ್ಲಿ ನಿಮಗೆ ಊಟವಿಲ್ಲದ ‘ಸುದೊಮಾರಿ’ ದರವೇ ಸರಿ. ರೆಡಿ ಅನ್ನ, ಒಣ ಪಲ್ಯ ಜತೆಗಿರಲಿ, ಏಕೆಂದರೆ ಚಿಕ್ಕ ಊರುಗಳ ಹೋಟೆಲುಗಳು ಬೇಗ ಮುಚ್ಚುತ್ತವೆ.

ಬಡಿಸಿದ್ದನ್ನು ಅನುಮಾನವಿಲ್ಲದೆ ಉಣ್ಣಬೇಕೆಂದರೆ ಕೋಯಾಸಾನ್‌ನ ಬೌದ್ಧ ದೇಗುಲಗಳ ವಸತಿಯಲ್ಲಿ ಇನ್ನೊಂದು ರಾತ್ರಿ ಇಡಿ. ಅಲ್ಲಿನ ಶೋಜಿನ್ ಅಡುಗೆಯಲ್ಲಿ ಮಾಂಸ, ಮೀನಿನ ಜತೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಆದರೆ ಅಲ್ಲಿ ಸ್ನಾನದ ತೊಟ್ಟಿ ಇದ್ದ ಮಾತ್ರಕ್ಕೆ ನೀರು ಬುಗ್ಗೆಯದಾಗಿರಬೇಕೆಂದಿಲ್ಲ, ಅದನ್ನೂ ಕೇಳಿಯೇ ಬುಕ್ ಮಾಡಿ.