ಹಿನ್ನೀರಿನ ದಂಡೆಗುಂಟ ಮಕ್ಕಳ ಜೊತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಮುಗಿದು ಜಲಾಶಯಗಳು ತುಂಬಿ ನಿಂತಿವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಡ್ಯಾಮಿನ ಸುತ್ತಮುತ್ತ ಮನೆಮಂದಿಯೆಲ್ಲ ನಡೆದಾಡುವ ಬಗ್ಗೆ. ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

ನವಿಲುತೀರ್ಥದ ಜಲಾಶಯವನ್ನು ಒಂದು ಸುತ್ತು ಹಾಕಿ ಬರಬೇಕೆಂದಿದ್ದೇವೆ. ಮಕ್ಕಳಿಗೆ ಆರು ಮತ್ತು ಒಂಬತ್ತು ವರ್ಷ. ಜೊತೆಗೆ ಮೊಣಕಾಲು ನೋವಿರುವ ಅಜ್ಜ ಇರುತ್ತಾರೆ. ಒಂದು ದಿನ ಸಾಕೇ?
— ಬೈಲಹೊಂಗಲದ ಓದುಗರು

ಸುತ್ತು ಹಾಕುವ ಮಾತು ಬಿಡಿ. ಮಲಪ್ರಭೆ ಅಲ್ಲಿ ಕಲ್ಲುಗುಡ್ಡ ಸೀಳಿಕೊಂಡು ಹೊರಬೀಳುತ್ತಾಳೆ. ಆ ಇಕ್ಕಟ್ಟಿನಲ್ಲಿ ಕಟ್ಟಿದ್ದರಿಂದ ಆಣೆಕಟ್ಟಿನ ಉದ್ದ ಸುಮಾರು 155 ಮೀಟರ್ ಮಾತ್ರ. ಅದನ್ನು ನೋಡಿದವರಿಗೆ ಒಳಗಿನ ನೀರೂ ಅಷ್ಟೇ ಇರಬೇಕು ಅನ್ನಿಸುತ್ತದೆ. ಆದರೆ ತುಂಬಿದಾಗ ಈ ಜಲಾಶಯ, ಅಂದರೆ ರೇಣುಕಾಸಾಗರ, 13,500 ಹೆಕ್ಟೇರ್‌ಗೂ ಮಿಕ್ಕಿ ಹರಡುತ್ತದೆ, 37 ಟಿಎಂಸಿ ಅಡಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಸಾಲದ್ದಕ್ಕೆ ಹಿನ್ನೀರು ಪ್ರತಿ ಹಳ್ಳದೊಳಗೂ ಬೆರಳು ಚಾಚಿದಂತೆ ನುಗ್ಗಿರುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರದ ಆಚೆ ದಂಡೆಗೆ ಹೋಗಬೇಕೆಂದರೆ ಹಳ್ಳದ ತಲೆಯವರೆಗೆ ನಡೆದು, ಬಳಸಿ ಬರಬೇಕು. ಮೊಬೈಲ್ ನಕ್ಷೆ ನೋಡಿ ಲೆಕ್ಕ ಹಾಕಿದವರು ಎಡವುವುದು ಇಲ್ಲಿಯೇ. ನೀರು ಇಳಿದಾಗಿನ ದಂಡೆಯೇ ಬೇರೆ, ತುಂಬಿದಾಗಿನ ದಂಡೆಯೇ ಬೇರೆ.

ಒಂದು ತುಣುಕು ದಾರಿ ಆರಿಸಿ, ಹೋದ ದಾರಿಯಲ್ಲೇ ತಿರುಗಿ ಬನ್ನಿ. ಆರು ವರ್ಷದ ಮಗು ನಿಂತು, ಕಲ್ಲು ಹೆಕ್ಕಿ, ಹಕ್ಕಿ ನೋಡಿ ಗಂಟೆಗೆ ಎರಡು ಕಿಲೋಮೀಟರ್ ನಡೆದರೆ ದೊಡ್ಡದು. ಹೋಗಿ ಬರುವುದು ಸೇರಿ ನಾಲ್ಕು ಕಿಲೋಮೀಟರ್ ಇಟ್ಟುಕೊಳ್ಳಿ. ಗುಡ್ಡ ಏರುವುದಿದ್ದರೆ ಪ್ರತಿ ನೂರು ಮೀಟರ್ ಎತ್ತರಕ್ಕೆ ಇನ್ನೊಂದು ಅರ್ಧ ಗಂಟೆ ಕೂಡಿಸಿ. ನೀರಿನ ಬಾಟಲಿ ಅರ್ಧಕ್ಕೆ ಇಳಿಯುವ ಮೊದಲೇ ಹಿಂದಿರುಗಬೇಕು. ಅರ್ಧವಾದ ಮೇಲೆ ತಿರುಗಿದರೆ ಬಿಸಿಲೇರಿದ ಹೊತ್ತಿನ ದಾರಿಗೆ ನೀರು ಸಾಲದು.

ಅಜ್ಜನಿಗೆ ಕಾಲುವೆ ಏರಿಯ ಮೇಲಿನ ಮಣ್ಣುದಾರಿ ಒಳ್ಳೆಯದು. ಏರಿಳಿತ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಮಕ್ಕಳ ಮಟ್ಟಿಗೆ ಈ ಇಡೀ ಪ್ರದೇಶದಲ್ಲಿ ಅತಿ ಅಪಾಯದ ಜಾಗವೂ ಅದೇ. ಕಾಲುವೆಯ ಒಳಮೈ ಸಿಮೆಂಟಿನ ಇಳಿಜಾರು, ಅದರ ಮೇಲೆ ಪಾಚಿ. ಈಜು ಬಲ್ಲ ಗಂಡಾಳೂ ಬಿದ್ದರೆ ಹತ್ತಿ ಬರುವುದು ಕಷ್ಟ, ನೀರಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ. ದೊಡ್ಡವರು ನೀರಿನ ಕಡೆ, ಮಕ್ಕಳು ಹೊಲದ ಕಡೆ ನಡೆಯಲಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಸೀರೆ, ಧೋತರ, ಹಗ್ಗ, ಕೈಗೆ ಸಿಕ್ಕಿದ್ದನ್ನು ನೀರು ಹರಿಯುವ ದಿಕ್ಕಿನಲ್ಲಿ ಮುಂದೆ ಓಡಿ ಎಸೆಯಿರಿ. ಎಸೆಯುವವರು ನೆಲಕ್ಕೆ ಮಲಗಿ ಹಿಡಿಯಬೇಕು, ನಿಂತು ಹಿಡಿದರೆ ಅವರೂ ಜಾರುತ್ತಾರೆ.

ಇನ್ನೊಂದು ಮಾತು. ಹುಣ್ಣಿಮೆಯ ಆಸುಪಾಸು ಹೋಗಬೇಡಿ, ಅದರಲ್ಲೂ ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆ. ಯಲ್ಲಮ್ಮನ ಗುಡ್ಡಕ್ಕೆ ಹೊರಟ ಬಂಡಿ, ಟ್ರ್ಯಾಕ್ಟರುಗಳ ನಡುವೆ ಸವದತ್ತಿ ದಾಟುವುದರಲ್ಲೇ ಹೊತ್ತು ಏರಿಬಿಡುತ್ತದೆ. ಜಾತ್ರೆ ನೋಡುವುದಿದ್ದರೆ ಅದನ್ನೇ ನೋಡಿ.

ಹೋದ ಫೆಬ್ರುವರಿಯಲ್ಲಿ ಆಲಮಟ್ಟಿ ಹಿನ್ನೀರಿನ ಕಡೆ ಹೋಗಿದ್ದೆವು. ಮೇಲೆ ಒಣಗಿದ ನೆಲ, ಬಿರುಕು ಕೂಡ ಬಿಟ್ಟಿತ್ತು. ಮಗಳು ನಾಲ್ಕು ಹೆಜ್ಜೆ ಇಟ್ಟಳೋ ಇಲ್ಲವೋ, ಮೊಣಕಾಲವರೆಗೆ ಹುಗಿದುಹೋದಳು. ಒಣಗಿದ ನೆಲ ಹೀಗೇಕೆ?
— ನಿಡಗುಂದಿಯಿಂದ ಒಬ್ಬ ತಾಯಿ

ಒಣಗಿದ್ದು ಮೇಲಿನ ಹೊದಿಕೆ ಮಾತ್ರ. ಆಲಮಟ್ಟಿ 519.60 ಮೀಟರ್ ಮಟ್ಟಕ್ಕೆ ತುಂಬಿದರೆ 123 ಟಿಎಂಸಿ ಅಡಿ ನೀರು. ಮಳೆಗಾಲ ಕಳೆದು ಕಾಲುವೆಗೆ, ಕುಡಿಯಲು ಬಿಡುತ್ತ ಹೋದಂತೆ ದಂಡೆ ಹಿಂದೆ ಸರಿಯುತ್ತದೆ. ಹೊರಬಿದ್ದ ನೆಲ ನಮ್ಮ ಎರೆಮಣ್ಣು, ಅದರ ಮೇಲೆ ಹೊಳೆ ತಂದು ಹಾಕಿದ ನುಣುಪು ಹೂಳು. ಎರೆ ನೀರು ಕುಡಿದು ಉಬ್ಬುತ್ತದೆ, ಕುಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಬಿಸಿಲಿಗೆ ಮೇಲಿನ ಎರಡು ಮೂರು ಬೆರಳು ದಪ್ಪ ಗಟ್ಟಿಯಾಗಿ ಹಪ್ಪಳದಂತೆ ಕೂರುತ್ತದೆ. ಅದೇ ಹಪ್ಪಳ ಕೆಳಗಿನ ತೇವ ಆರದಂತೆ ಮುಚ್ಚಿಡುತ್ತದೆ. ಒಳಗೆ ಅಂಬಲಿ.

ಬಿರುಕು ನೋಡಿ ನಂಬಬೇಡಿ, ಬಿರುಕಿನ ಆಳ ನೋಡಿ. ಕೂದಲೆಳೆಯ ಬಿರುಕು ಮೇಲಿನ ಹೊದಿಕೆಯದು. ಕೈ ಇಳಿಯುವಷ್ಟು ಅಗಲ, ಆಳ ಇದ್ದು, ನಡುವೆ ಹುಲ್ಲು ಬೇರು ಬಿಟ್ಟಿದ್ದರೆ ಆ ನೆಲ ಹೊರುತ್ತದೆ. ದನಗಳ ಗೊರಸು ಬರೀ ಅಚ್ಚೊತ್ತಿದ್ದರೆ ಸರಿ, ಕುಳಿ ಬಿದ್ದು ಅದರಲ್ಲಿ ನೀರು ನಿಂತಿದ್ದರೆ ಅಲ್ಲಿಂದಲೇ ಹಿಂದಕ್ಕೆ. ಕಪ್ಪಗೆ ಮಿಂಚುವ, ಬಿರುಕೇ ಇಲ್ಲದ ನೆಲದ ಮೇಲಂತೂ ಕಾಲಿಡಲೇಬಾರದು. ಹೆಬ್ಬೆರಳು ದಪ್ಪದ ಕೋಲು ಒಂದು ಕೈಯಲ್ಲಿರಲಿ. ಒತ್ತಿದಾಗ ನಾಲ್ಕು ಬೆರಳಿಗಿಂತ ಆಳ ಹೋದರೆ ಮುಂದೆ ಹೋಗಬೇಡಿ. ದೊಡ್ಡವರು ಮೊದಲು, ಮಕ್ಕಳು ಅವರ ಹೆಜ್ಜೆಯಲ್ಲೇ.

ಹುಗಿದಾಗ ಮಾಡುವ ತಪ್ಪು ಒಂದೇ: ಕಾಲು ಜಗ್ಗುವುದು. ಜಗ್ಗಿದಷ್ಟೂ ಪಾದದ ಕೆಳಗೆ ಗಾಳಿಯಿಲ್ಲದ ಜಾಗ ಉಂಟಾಗಿ ಕೆಸರು ಕೆಳಕ್ಕೆ ಹೀರುತ್ತದೆ. ಇನ್ನೊಂದು ಕಾಲೂ ಇಳಿಯುತ್ತದೆ. ಮಗುವನ್ನು ಹಿಂದಕ್ಕೆ ಕೂರಿಸಿ, ಇಲ್ಲವೇ ಅಂಗಾತ ಒರಗಿಸಿ, ಭಾರ ಹರಡಲಿ. ಕಾಲನ್ನು ಚಿಕ್ಕದಾಗಿ ವೃತ್ತಾಕಾರದಲ್ಲಿ ಆಡಿಸಿದರೆ ಬದಿಯಿಂದ ನೀರು, ಗಾಳಿ ಇಳಿದು ಹಿಡಿತ ಸಡಿಲುತ್ತದೆ. ಬೂಟು ಒಳಗೇ ಉಳಿದರೆ ಉಳಿಯಲಿ. ನೀವು ಗಟ್ಟಿ ನೆಲದಲ್ಲಿ ಮಂಡಿಯೂರಿ, ಟವೆಲ್ಲೋ ಕೋಲೋ ಚಾಚಿ ಎಳೆದುಕೊಳ್ಳಿ. ಇಬ್ಬರು ಮೂವರು ಓಡಿಹೋಗಿ ಸುತ್ತ ನಿಂತರೆ ಎಲ್ಲರೂ ಇಳಿಯುತ್ತೀರಿ.

ಇಷ್ಟೆಲ್ಲ ಬೇಡವೆಂದರೆ ನೀರಂಚಿಗೆ ಹೋಗದೆ ಒಂದು ಮಾರು ಎತ್ತರದ ಕಲ್ಲುನೆಲದ ಏಣಿನ ಮೇಲೆ ನಡೆಯಿರಿ. ಹಕ್ಕಿಗಳು ಅಲ್ಲಿಂದಲೇ ಚೆನ್ನಾಗಿ ಕಾಣುತ್ತವೆ, ಹಾರಿಯೂ ಹೋಗುವುದಿಲ್ಲ.

ಬೇಸಿಗೆಯಲ್ಲಿ ಹಿಡಕಲ್ ನೀರು ಇಳಿದಾಗ ಹುನ್ನೂರಿನ ವಿಠ್ಠಲ ಗುಡಿ ಹೊರಬೀಳುತ್ತದಲ್ಲ, ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಬಹುದೇ?
— ಸಂಕೇಶ್ವರದ ಓದುಗರು

ಒಯ್ಯಬಹುದು. ಬೆಳಿಗ್ಗೆ ಆರಕ್ಕೆ ನಡಿಗೆ ಶುರುವಾಗಬೇಕು, ಒಂಬತ್ತಕ್ಕೆ ನೆರಳಿನಲ್ಲಿರಬೇಕು. ನೀರು ಸರಿದ ಬಯಲಿನಲ್ಲಿ ಒಂದು ಗಿಡವೂ ಸಿಗುವುದಿಲ್ಲ, ಟೊಪ್ಪಿಗೆಯೇ ನೆರಳು. ಮುಳುಗಡೆಯಾದ ನೆಲದಲ್ಲಿ ಹಳೆಯ ಬಾವಿ, ಹಗೇವು (ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಕುಣಿ), ಮನೆಯ ತಳಪಾಯ ಇರುತ್ತವೆ. ಹೂಳು ತುಂಬಿ ಮೇಲೆ ಸಪಾಟಾಗಿ ಕಾಣುತ್ತವೆ, ತುಳಿದರೆ ಕುಸಿಯುತ್ತವೆ. ಊರ ಜನ ಓಡಾಡಿ ಬೆಳ್ಳಗಾದ ಕಾಲುದಾರಿ ಬಿಡಬೇಡಿ. ತಿಳಿದ ಹಿರಿಯರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಮುಳುಗಿದ ಊರಿನ ಬಾವಿ ಎಲ್ಲಿತ್ತೆಂದು ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಏಪ್ರಿಲ್, ಮೇ ಮಧ್ಯಾಹ್ನದ ಮೇಲೆ ಅಡ್ಡಮಳೆ ಗುಡುಗು ಸಿಡಿಲಿನೊಂದಿಗೆ ಬರುತ್ತದೆ. ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಮೊದಲ ಗುಡುಗು ಕಿವಿಗೆ ಬಿದ್ದರೆ ನೇರ ವಾಹನದೊಳಗೆ ಹೋಗಿ, ಒಂಟಿ ಮರದಡಿ ನಿಲ್ಲಬೇಡಿ. ಜೂನ್‌ನಲ್ಲಿ ಹಿಡಕಲ್ ತುಂಬಿಸುವ ಘಟಪ್ರಭೆಗೆ ಹೊಸನೀರು ಬಂದ ಮೇಲೆ ಆ ಕಡೆ ಹೋಗುವುದೇ ಬೇಡ. ನಮ್ಮಲ್ಲಿ ಮಳೆ ಇಲ್ಲದಿದ್ದರೂ ಸಹ್ಯಾದ್ರಿಯಲ್ಲಿ ಸುರಿದರೆ ಸಾಕು, ಹಿನ್ನೀರು ಸದ್ದಿಲ್ಲದೆ ಏರುತ್ತದೆ. ನೀವು ಗುಡಿ ನೋಡುತ್ತಿರುವಾಗ ಹಿಂದಿನ ತಗ್ಗು ತುಂಬಿರುತ್ತದೆ.

ರಾಕಸಕೊಪ್ಪದಲ್ಲಿ ಮಕ್ಕಳನ್ನು ನೀರಿಗಿಳಿಸಬಹುದೇ?
— ಬೆಳಗಾವಿ ನಗರದ ಓದುಗರು

ಬೇಡ. ಅದು ನಿಮ್ಮ ಮನೆಯ ನಲ್ಲಿಗೆ ಬರುವ ನೀರು. ಕಾವಲುಗಾರರು ಒಳಗೆ ಬಿಡದಿದ್ದರೆ ಜಗಳವಾಡಬೇಡಿ, ಸುತ್ತಲಿನ ಹಳ್ಳಿದಾರಿಗಳೇ ನಡೆಯಲು ಚೆಂದ. ಆ ಕಡೆ ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ. ಹುಗಿಯುವುದಿಲ್ಲ, ಆದರೆ ಮಳೆಯಲ್ಲಿ ಪಾಚಿಗಟ್ಟಿ ಜಾರುತ್ತದೆ. ಜಿಗಣೆ ಕಚ್ಚಿದರೆ ಬೆಂಕಿ ತಾಗಿಸಬೇಡಿ. ಅದರ ಬಾಯಿಯ ಬದಿಗೆ ಉಗುರು ಒತ್ತಿ ಜಾರಿಸಿ ತೆಗೆದು, ಸೋಪಿನಿಂದ ತೊಳೆದರೆ ಸಾಕು.

ಬುತ್ತಿ, ನೀರು, ಪಾದರಕ್ಷೆ: ಮೂರು ತಾಸಿನ ನಡಿಗೆಗೆ ಏನೇನು, ಎಷ್ಟೆಷ್ಟು?
— ಬೀಳಗಿಯ ಓದುಗರು

ದೊಡ್ಡವರಿಗೆ ತಲಾ ಒಂದೂವರೆ ಲೀಟರ್, ಆರೇಳು ವರ್ಷದವರಿಗೆ ಮುಕ್ಕಾಲು ಲೀಟರ್ ನೀರು. ಮಾರ್ಚ್ ನಂತರ ಇದಕ್ಕೆ ಅರ್ಧದಷ್ಟು ಕೂಡಿಸಿ. ಮಕ್ಕಳಿಗೆ ಬಾಯಾರಿಕೆ ಆಗುವವರೆಗೆ ಕಾಯದೆ ಕಾಲು ಗಂಟೆಗೊಮ್ಮೆ ನಾಲ್ಕು ಗುಟುಕು ಕೊಡಿ. ಓಆರ್‌ಎಸ್ ಒಂದು ಪೊಟ್ಟಣಕ್ಕೆ ಎಷ್ಟು ನೀರೆಂದು ಅದರ ಮೇಲೆಯೇ ಬರೆದಿರುತ್ತದೆ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್, ಇಡೀ ಪುಡಿ ಒಮ್ಮೆಲೇ ಸುರಿಯಬೇಕು. ಅಂದಾಜಿನಲ್ಲಿ ಅರ್ಧ ಪುಡಿಯನ್ನು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೆಡುಕೇ.

ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬೆಲ್ಲ. ಇದಕ್ಕಿಂತ ಮಿಗಿಲಾದ ನಡಿಗೆಯ ಊಟವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಉಪ್ಪಿಟ್ಟು, ಮೊಸರನ್ನ ಬಿಸಿಲಿನ ಚೀಲದಲ್ಲಿ ಕೆಡುತ್ತವೆ. ಪಾದಕ್ಕೆ ಹವಾಯಿ ಚಪ್ಪಲಿ ಬೇಡ: ಹಿನ್ನೀರಿನ ಸುತ್ತೆಲ್ಲ ಬಳ್ಳಾರಿ ಜಾಲಿ ಹಬ್ಬಿದೆ, ಅದರ ಮುಳ್ಳು ತೆಳು ರಬ್ಬರನ್ನು ಸೀದಾ ದಾಟುತ್ತದೆ. ದಪ್ಪ ತಳದ ಕ್ಯಾನ್ವಾಸ್ ಬೂಟು, ಕಾಲುಚೀಲ, ಉದ್ದ ಪ್ಯಾಂಟು. ಒಂದು ಚಿಮುಟ, ಒಂದು ಸೂಜಿಯೂ ಇರಲಿ.

ಆಣೆಕಟ್ಟಿನ ಗೋಡೆ, ಕಲ್ಲಿನ ಕಣಿವೆ ಇರುವಲ್ಲಿ ಹೆಜ್ಜೇನು ಇರುವುದು ಸಹಜ. ಒಲೆ ಹೂಡಿ ಹೊಗೆ ಹಾಕಬೇಡಿ, ಕಲ್ಲು ಎಸೆಯಲು ಮಕ್ಕಳನ್ನು ಬಿಡಬೇಡಿ. ಎದ್ದುಬಂದರೆ ತಲೆ ಮುಖಕ್ಕೆ ಬಟ್ಟೆ ಹೊದ್ದು ಓಡಿ ವಾಹನ ಸೇರಿ. ನೀರಿಗೆ ಹಾರಿದರೆ ತಲೆ ಎತ್ತುವವರೆಗೆ ಅವು ಮೇಲೆಯೇ ಕಾಯುತ್ತವೆ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಎರಡೂ ತಪ್ಪು. ಕಚ್ಚಿದ ಅಂಗ ಅಲುಗಾಡದಂತೆ ಕೋಲು ಕಟ್ಟಿ, ನಡೆಸದೆ ಎತ್ತಿಕೊಂಡು 108ಕ್ಕೆ ಕರೆ ಮಾಡಿ. ನಾಟಿ ಔಷಧಿಗೆ ಸುತ್ತಾಡಿ ಹೊತ್ತು ಕಳೆಯಬೇಡಿ.

ಡ್ಯಾಮಿನ ಕೆಳಗೆ ಹೊಳೆ ಬತ್ತಿದಾಗ ಬಂಡೆಗಳ ಮೇಲೆ ಕೂತು ಊಟ ಮಾಡಿದರೆ ಏನು ತಪ್ಪು? ಮಳೆಯೇ ಇಲ್ಲವಲ್ಲ!
— ಮುನವಳ್ಳಿಯ ಕಾಲೇಜು ವಿದ್ಯಾರ್ಥಿಗಳು

ನೀರು ಬಿಡಲು ಮಳೆಯೇ ಬರಬೇಕೆಂದಿಲ್ಲ. ಕೆಳಗಿನ ಊರುಗಳಿಗೆ ಕುಡಿಯಲು ಬೇಸಿಗೆಯಲ್ಲೂ ಹೊಳೆಗೆ ಬಿಡುತ್ತಾರೆ. ಆಲಮಟ್ಟಿಯಂಥಲ್ಲಿ 290 ಮೆಗಾವಾಟ್‌ನ ವಿದ್ಯುತ್ ಮನೆ ಇದೆ. ಚಕ್ರ ತಿರುಗಿಸಿದಾಗ ಆ ನೀರು ಕೆಳಗಿನ ಹೊಳೆಗೇ ಬರುತ್ತದೆ. ಸೈರನ್ ಕೂಗಿದರೆ ಪಾತ್ರೆ ಬುತ್ತಿ ಬಿಟ್ಟು ದಂಡೆ ಹತ್ತಿ, ಬಂದ ದಾರಿ ಹುಡುಕಬೇಡಿ, ಹತ್ತಿರದ ದಂಡೆ ಯಾವುದೋ ಅದೇ. ಗಾಳಿ ಎದುರಿದ್ದರೆ ಸೈರನ್ ಕೇಳುವುದೂ ಇಲ್ಲ. ತಿಳಿಯಾಗಿದ್ದ ನೀರು ಬಗ್ಗಡವಾಯಿತೆ, ಕಸಕಡ್ಡಿ ತೇಲಿಬಂತೆ, ಒಣಗಿದ್ದ ಕಲ್ಲಿನ ಬುಡ ಒದ್ದೆಯಾಯಿತೆ, ಇಷ್ಟನ್ನು ಒಬ್ಬರು ನೋಡುತ್ತಲೇ ಇರಬೇಕು. ಅಷ್ಟು ಎಚ್ಚರದಲ್ಲಿ ಊಟ ರುಚಿಸದು. ದಂಡೆಯ ಮೇಲಿನ ಬೇವಿನ ಮರದಡಿ ಕೂತು ಉಣ್ಣಿ.